ರೆಕ್ಸ್‌ಹ್ಯಾಮ್ ಫುಟ್‌ಬಾಲ್ ಕ್ಲಬ್ ಮೇಲೆ ಬಂದಿದ್ದು ಮ್ಯಾನೇಜರ್ ಫಿಲ್ ಪಾರ್ಕಿನ್ಸನ್ ಇಂದಾನಾ, ದುಡ್ಡಿಂದಾನಾ?

ಎರಡೂ ಇದೆ, ಆದ್ರೆ ಬರೀ ದುಡ್ಡು ಅಂದ್ರೆ ನಾನು ಒಪ್ಪಲ್ಲ. ಹಾಲಿವುಡ್ ನಟರಿಬ್ಬರು ಕ್ಲಬ್ ಕೊಂಡ್ಕೊಂಡಿದ್ದು 2021ರಲ್ಲಿ, ಪಾರ್ಕಿನ್ಸನ್ ಬಂದಿದ್ದೂ ಅದೇ ವರ್ಷ, ಆಗ ಟೀಮ್ ಇದ್ದಿದ್ದು ಇಂಗ್ಲಿಷ್ ಲೀಗ್‌ಗಳ ಐದನೇ ಹಂತದಲ್ಲಿ, ಮೊದಲ ಸೀಸನ್ ಪ್ಲೇಆಫ್ (ಮೇಲೆ ಹೋಗೋಕೆ ಉಳಿದ ಒಂದು ಜಾಗಕ್ಕೆ ನಡೆಯೋ ನಾಕೌಟ್) ಸೆಮಿಫೈನಲ್‌ನಲ್ಲಿ ಗ್ರಿಮ್ಸ್‌ಬಿ ಮೇಲೆ 5-4ರಲ್ಲಿ ಸೋತ್ರು. ಆ ಲೀಗ್‌ನಿಂದ ಆಗ ಚಾಂಪಿಯನ್ ಆದೋರು ಮಾತ್ರ ನೇರ ಮೇಲೆ ಹೋಗ್ತಿದ್ರು, ಅಷ್ಟು ಕಷ್ಟ. ಮುಂದಿನ ಸಲ 111 ಪಾಯಿಂಟ್ ತಗೊಂಡು ಗೆದ್ರು, ಎರಡನೇ ಸ್ಥಾನದ ನಾಟ್ಸ್ ಕೌಂಟಿಗೆ 107 ಬಂದಿದ್ರೂ ಪ್ಲೇಆಫ್ ಆಡ್ಬೇಕಾಯ್ತು ನೋಡಿ! ಆಮೇಲೆ 2024, 2025ರಲ್ಲೂ ಪ್ರಮೋಷನ್, ಅಂದ್ರೆ ಮೇಲಿನ ಹಂತಕ್ಕೆ ಬಡ್ತಿ. ಸತತ ಮೂರು ಸಲ, ಇಂಗ್ಲಿಷ್ ಫುಟ್‌ಬಾಲ್‌ನ ಮೇಲಿನ ಐದು ಹಂತಗಳಲ್ಲಿ ಬೇರೆ ಯಾರೂ ಮಾಡಿಲ್ಲ.

ಆಟ ನೋಡೋಕೆ ಅಷ್ಟೇನೂ ಚೆಂದ ಇರಲ್ಲ, ಹಿಂದೆ ಮಧ್ಯದಲ್ಲಿ ಮೂರು ಡಿಫೆಂಡರ್, ಬದಿಯಿಂದ ಗೋಲ್ ಮುಂದಕ್ಕೆ ಚೆಂಡು ಹಾಕೋ ಕ್ರಾಸ್, ಫ್ರೀಕಿಕ್, ಕಾರ್ನರ್ ಥರದ ಸೆಟ್ ಪೀಸ್, ಕೆಲವು ಮ್ಯಾಚ್ ನಂಗೂ ಬೋರ್ ಹೊಡೆದಿದೆ. ಆದ್ರೆ ದುಡ್ಡಿಲ್ದೇನೂ ಪಾರ್ಕಿನ್ಸನ್ ಹಿಂದೆ ಮಾಡಿ ತೋರ್ಸಿದಾರೆ: ನಾಲ್ಕನೇ ಹಂತದ ಬ್ರಾಡ್‌ಫರ್ಡ್ ಸಿಟಿನ 2013ರ ಲೀಗ್ ಕಪ್ ಫೈನಲ್‌ಗೆ ಕರ್ಕೊಂಡ್ಹೋದ್ರು, ದಾರೀಲಿ ಆರ್ಸೆನಲ್‌ನ ಸೋಲ್ಸಿ. ಅದೇ ಬ್ರಾಡ್‌ಫರ್ಡ್ ಜೊತೆ 2015ರಲ್ಲಿ ಚೆಲ್ಸಿನ ಅವರ ಮೈದಾನದಲ್ಲೇ 4-2ರಲ್ಲಿ ಸೋಲ್ಸಿದ್ರು. ಅದಕ್ಕೆ ನನ್ನ ಲೆಕ್ಕದಲ್ಲಿ ಪಾರ್ಕಿನ್ಸನ್‌ಗೆ ಹತ್ತಕ್ಕೆ ಒಂಬತ್ತು.