ಪಾರ್ಕಿಂಗ್ ಜಾಗದ ಹಳೇ ಬಿರುಕಿನ ಮೇಲೆ ಹೊಸ ಡಾಂಬರು ಹಾಕಬಹುದಾ?

ಪ್ರಶ್ನೆ: ನಮ್ಮ ವಾಣಿಜ್ಯ ಕಟ್ಟಡದ ಪಾರ್ಕಿಂಗ್ ಜಾಗದಲ್ಲಿ ಡಾಂಬರು ಹಾಳಾಗಿದೆ. ಗೇಟಿನ ಹತ್ತಿರ ಮತ್ತು ಸರಕಿನ ಲಾರಿ ನಿಲ್ಲುವ ಕಡೆ ಬಿರುಕು ಜಾಸ್ತಿ. ಮಳೆ ಬಂದರೆ ಎರಡು ಕಡೆ ನೀರು ನಿಲ್ಲುತ್ತದೆ. ಒಬ್ಬ ಕಂಟ್ರಾಕ್ಟರ್ ಇಡೀ ಜಾಗದ ಮೇಲೆ 2 ಇಂಚು ಹೊಸ ಪದರ ಸಾಕು ಎನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಅಗೆಯಬೇಕು ಎಂದು ಜಾಸ್ತಿ ರೇಟು ಹೇಳಿದ್ದಾರೆ. ಯಾರ ಮಾತು ಕೇಳುವುದು?

ಉತ್ತರ: ಪೂರ್ತಿಯಾಗಿ ಇಬ್ಬರದ್ದೂ ಬೇಡ. ಮೊದಲು ಬಿರುಕು ಯಾವ ಥರದ್ದು ಅಂತ ನೋಡಿ. ಅಲ್ಲೊಂದು ಇಲ್ಲೊಂದು ಉದ್ದನೆಯ ಗೆರೆ, ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿದೆ ಅಂದರೆ ಅದು ಬಿಸಿಲಿಗೆ, ಗಾಳಿಗೆ ಡಾಂಬರು ಒಣಗಿದ ಲಕ್ಷಣ. ಬಿರುಕು ತುಂಬಿ ಮೇಲೆ ಪದರ ಹಾಕಿದರೆ ನಡೆಯುತ್ತದೆ. ಆದರೆ ಮೊಸಳೆ ಚರ್ಮದ ಹಾಗೆ ಸಣ್ಣ ಸಣ್ಣ ಚೂರಾಗಿ ಒಡೆದಿದ್ದರೆ ಕೆಟ್ಟಿರುವುದು ಕೆಳಗೆ. ಗೇಟು, ಲಾರಿ ಜಾಗ ಎಂದಿರಲ್ಲ, ನನ್ನ ಅನುಮಾನ ಇದರ ಮೇಲೇ.

ಚಕ್ರ ಹೋದಾಗಲೆಲ್ಲ ಡಾಂಬರು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಭಾರವನ್ನು ಕೆಳಗಿನ ಜಲ್ಲಿ, ಅದರ ಕೆಳಗಿನ ಮಣ್ಣು ಹೊರುತ್ತವೆ. ಅಲ್ಲಿ ನೀರು ಇಳಿದು ಮಣ್ಣು ಮೆತ್ತಗಾದರೆ ಪದರ ಇನ್ನೂ ಜಾಸ್ತಿ ಬಾಗುತ್ತದೆ, ತಳದಿಂದ ಒಡೆಯುತ್ತಾ ಮೇಲೆ ಬರುತ್ತದೆ. ಅದರ ಮೇಲೆ 2 ಇಂಚು ಹಾಕಿದರೆ ಹೊಸ ಪದರವೂ ಹಾಗೇ ಬಾಗುತ್ತದೆ, ಹಳೇ ಬಿರುಕು ಹಾಗೇ ಮೇಲೆ ಮೂಡುತ್ತದೆ. ದುಡ್ಡು ದಂಡ.

ಹಾಗಂತ ಇಡೀ ಜಾಗ ಅಗೆಯುವುದೂ ಬೇಡ. ಒಡೆದ ಕಡೆ ಮಾತ್ರ, ಸುತ್ತ ಒಂದಷ್ಟು ಗಟ್ಟಿ ಭಾಗವನ್ನೂ ಸೇರಿಸಿ, ಚೌಕವಾಗಿ ಕತ್ತರಿಸಿ ತೆಗೆಸಿ. ಕೆಸರಿನಂಥ ಮಣ್ಣು ಸಿಕ್ಕರೆ ಗಟ್ಟಿ ನೆಲ ಸಿಗುವವರೆಗೆ ತೆಗೆಯಬೇಕು. ಆಮೇಲೆ ವೆಟ್ ಮಿಕ್ಸ್ ಜಲ್ಲಿಯನ್ನು (ದಪ್ಪ-ಸಣ್ಣ ಜಲ್ಲಿ, ಪುಡಿಗೆ ನೀರು ಸೇರಿಸಿ ಕಲಸಿದ್ದು) ಒಂದೇ ಸಲ ಸುರಿಯದೆ ಸುಮಾರು 150 ಮಿ.ಮೀ. ಪದರಗಳಾಗಿ ಹಾಕಿ, ಒಂದೊಂದಕ್ಕೂ ರೋಲರ್ ಹೊಡೆಸಿ. ಜಾಗ ದೊಡ್ಡದಿದ್ದರೆ ಡಾಂಬರು ಬೀಳುವ ಮುಂಚೆ ಲೋಡಾದ ಟಿಪ್ಪರ್ ಒಂದನ್ನು ಅದರ ಮೇಲೆ ನಿಧಾನವಾಗಿ ಓಡಿಸಿ, ಹಿಂದಿನ ಚಕ್ರದ ಪಕ್ಕ ನಿಂತು ನೋಡಿ. ನೆಲ ಕುಸಿದು ಮತ್ತೆ ಏಳುತ್ತಿದ್ದರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ.

ನೀರು ನಿಲ್ಲುವ ವಿಷಯ. ಸಮ ದಪ್ಪದ ಪದರ ಹಾಕಿದರೆ ಹಳೇ ತಗ್ಗು ಹೊಸ ತಗ್ಗಾಗುತ್ತದೆ, ಅಷ್ಟೇ. ಮೊದಲು ತಗ್ಗು ತುಂಬಿ ಇಳಿಜಾರು ಸರಿ ಮಾಡಿಸಿ. 100ಕ್ಕೆ 2ರಷ್ಟು ಇಳಿಜಾರು ಒಳ್ಳೆಯದು, ಅಂದರೆ 10 ಮೀಟರಿಗೆ 20 ಸೆಂ.ಮೀ. 100ಕ್ಕೆ 1ಕ್ಕಿಂತ ಕಡಿಮೆಯಾದರೆ ನೀರು ಹರಿಯದೆ ನಿಲ್ಲುತ್ತದೆ. ಇನ್ನೊಂದು ವಿಷಯ ಸುಮಾರು ಜನ ಮರೆಯುತ್ತಾರೆ. ನೆಲ 2 ಇಂಚು ಎದ್ದರೆ ಚೇಂಬರ್ ಮುಚ್ಚಳ, ಚರಂಡಿ ಜಾಲರಿ ಹಳ್ಳಕ್ಕೆ ಬೀಳುತ್ತವೆ, ಅಂಗಡಿ ಹೊಸ್ತಿಲು ತಗ್ಗಾಗುತ್ತದೆ. ಅಂಚುಗಳಲ್ಲಿ ಹಳೇ ಡಾಂಬರು ಕೆರೆದು ತೆಗೆಸಿ, ಮುಚ್ಚಳಗಳನ್ನು ಎತ್ತರಿಸಿ. ಈ ಎರಡು ಕೆಲಸವೂ ಕೊಟೇಶನ್‌ನಲ್ಲೇ ಇರಲಿ.

ಹಾಗೇ ಪದರದ ದಪ್ಪ ‘ರೋಲರ್ ಆದ ಮೇಲೆ 50 ಮಿ.ಮೀ.’ (ಸುಮಾರು 2 ಇಂಚು) ಅಂತ ಬರೆಸಿ. ಸಡಿಲವಾಗಿ 50 ಹರಡಿದರೆ ರೋಲರ್ ಹೋದ ಮೇಲೆ 40ರ ಆಸುಪಾಸು ಉಳಿಯುತ್ತದೆ.

ಕೆಲಸದ ದಿನ ನೀವೇ ಅಲ್ಲಿರಿ. ಹಳೇ ಡಾಂಬರಿನ ಮೇಲೆ ಮೊದಲು ಟ್ಯಾಕ್ ಕೋಟ್, ಅಂದರೆ ಹೊಸ ಪದರ ಅಂಟಲು ತೆಳುವಾದ ಡಾಂಬರು, ಸಿಂಪಡಿಸುತ್ತಾರೆ. ಅದು ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಆದರೆ ಸಿಂಪಡಿಸಿದಾಗ ಕಂದು, ಅದರ ನೀರು ಆರಿದ ಮೇಲೆ ಕಪ್ಪು. ಕಂದು ಇರುವಾಗಲೇ ಮಾಲು (ಡಾಂಬರು ಬೆರೆಸಿದ ಜಲ್ಲಿ) ಸುರಿಯಲು ಬಿಡಬೇಡಿ, ಅಂಟುವುದಿಲ್ಲ. ಬಿಸಿ ಮಾಲು ಪ್ಲಾಂಟಿನಿಂದ ಸುಮಾರು 150–160 ಡಿಗ್ರಿಯಲ್ಲಿ ಹೊರಡುತ್ತದೆ. ಟಿಪ್ಪರ್ ಮೇಲೆ ಟಾರ್ಪಾಲಿನ್ ಇರಲೇಬೇಕು. 90 ಡಿಗ್ರಿಗೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿದರೆ ಒಳ್ಳೆಯದು. ಆರಿದ ಮಾಲಿನ ಮೇಲೆ ಎಷ್ಟು ಸಲ ರೋಲರ್ ಓಡಿಸಿದರೂ ಅದು ಬಿಗಿಯಾಗುವುದಿಲ್ಲ. ಹರಡಿದ ಮೇಲೆ ಕೆಲಸಗಾರರು ಬಾಚಿ ಬಾಚಿ ದಪ್ಪ ಜಲ್ಲಿಯನ್ನು ಮೇಲೆ ಎರಚುತ್ತಿದ್ದರೆ ತಡೆಯಿರಿ. ಆಮೇಲೆ ಜಲ್ಲಿ ಕಿತ್ತು ಬರುವುದು ಅಂಥ ಕಡೆಗಳಲ್ಲೇ.

ಪ್ರಶ್ನೆ: ಲಾರಿ ಮತ್ತು ಕಸದ ದೊಡ್ಡ ಡಬ್ಬಿ ನಿಲ್ಲುವ ಕಡೆಗೂ ಡಾಂಬರು ಸಾಕಾ?

ಉತ್ತರ: ನಾನಾದರೆ ಅಷ್ಟು ಜಾಗಕ್ಕೆ ಕಾಂಕ್ರೀಟ್ ಹಾಕಿಸುತ್ತೇನೆ. ಭಾರ ಒಂದೇ ಕಡೆ ಗಂಟೆಗಟ್ಟಲೆ ನಿಂತರೆ ಡಾಂಬರು ಒತ್ತಿಕೊಳ್ಳುತ್ತದೆ. ಡೀಸೆಲ್, ಎಂಜಿನ್ ಆಯಿಲ್ ಸೋರಿದರೆ ಕರಗಿ ಮೆತ್ತಗಾಗುತ್ತದೆ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಗಾಡಿಗಳನ್ನು ಯಾವಾಗ ಬಿಡಬಹುದು? ಸೀಲ್ ಕೋಟ್ (ಮೇಲ್ಮೈ ಕಾಪಾಡುವ ತೆಳು ಲೇಪ) ಆಗಲೇ ಮಾಡಿಸಬೇಕಾ?

ಉತ್ತರ: ಪೂರ್ತಿ ಆರಿದ ಮೇಲೆ, ಸಾಮಾನ್ಯವಾಗಿ ಮರುದಿನ, ಕಾರು ಬಿಡಬಹುದು. ಆದರೆ ಮೊದಲ ಕೆಲವು ವಾರ ಬಿಸಿಲಿನಲ್ಲಿ ಅದು ಸ್ವಲ್ಪ ಮೆದುವಾಗಿಯೇ ಇರುತ್ತದೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಮೇಲ್ಮೈ ಕಿತ್ತುಬರುತ್ತದೆ, ಬೈಕಿನ ಸೈಡ್ ಸ್ಟ್ಯಾಂಡ್ ಗುಳಿ ಮಾಡುತ್ತದೆ. ಸ್ಟ್ಯಾಂಡ್ ಕೆಳಗೆ ಚಿಕ್ಕ ಹಲಗೆ ತುಂಡು ಇಡಿಸಿ. ಸೀಲ್ ಕೋಟ್‌ಗೆ ಅವಸರ ಬೇಡ, ಕೆಲವು ತಿಂಗಳು ಹೋಗಲಿ. ಮಾಡಿಸುವ ಮುಂಚೆ ಒಂದು ಬಕೆಟ್ ನೀರು ಚೆಲ್ಲಿ ನೋಡಿ. ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪದರ ಕಂಡರೆ ಇನ್ನಷ್ಟು ದಿನ ಕಾಯಿರಿ.