ಬ್ಲೂಟೂತ್ ಕಟ್ ಆಗುತ್ತಿದ್ದರೆ ಯಾವ ಸ್ಟ್ರೀಮರ್?

ಒಳಕೋಣೆಗೆ ಹೋದ ಕೂಡಲೇ ಬ್ಲೂಟೂತ್ ಹಾಡು ಕಟ್ ಆಗುತ್ತೆ, ಹಳೆ ಆಂಪ್‌ಗೆ (ಆಂಪ್ಲಿಫೈಯರ್) ಕಡಿಮೆ ಬೆಲೆಯ ಸ್ಟ್ರೀಮರ್, ಅಂದರೆ ಇಂಟರ್ನೆಟ್‌ನಿಂದ ಹಾಡು ತಂದು ಆಂಪ್‌ಗೆ ಕೊಡುವ ಪುಟ್ಟ ಪೆಟ್ಟಿಗೆ, ಯಾವುದು ಅಂತ ಕೇಳಿದ್ದೀರಿ. ತೊಂದರೆ ಬಹುಶಃ ಗೋಡೆಯದು. ಶಹಾಬಾದ್ ಕಲ್ಲಿನ ದಪ್ಪ ಗೋಡೆ ದಾಟೋದು ಬ್ಲೂಟೂತ್‌ಗೆ ಕಷ್ಟ. ಕಲಬುರಗಿಯ ನಮ್ಮ ಮನೆಯಲ್ಲೂ ಹೀಗೇ ಇತ್ತು.

ಮೊದಲು ಫೋನನ್ನು ಆಂಪ್ ಪಕ್ಕದಲ್ಲೇ ಇಟ್ಟು ಒಂದು ಹಾಡು ಪೂರ್ತಿ ಕೇಳಿ. ಆಗಲೂ ಕಟ್ ಆದರೆ ಆಂಪ್‌ಗೆ ಹಾಡು ಕೊಡುವ ಬ್ಲೂಟೂತ್ ರಿಸೀವರೇ ಕೆಟ್ಟಿರಬಹುದು. ಆಗದಿದ್ದರೆ ವೈಫೈ ಸ್ಟ್ರೀಮರ್ ತಗೊಳ್ಳಿ, ವಿಮ್ (WiiM) ಕಂಪನಿಯ ವಿಮ್ ಮಿನಿ ಸಾಕು. ಸ್ಪಾಟಿಫೈ ಆ್ಯಪ್‌ನ ಸ್ಪಾಟಿಫೈ ಕನೆಕ್ಟ್ ಸೌಲಭ್ಯದಲ್ಲಿ ಹಾಡು ರೂಟರ್‌ನಿಂದ ನೇರ ಬರುತ್ತೆ, ಫೋನ್ ಬರೀ ರಿಮೋಟ್. ಆಂಪ್ ಇರುವ ಜಾಗದಲ್ಲಿ ವೈಫೈ ಸಿಗುತ್ತಾ ನೋಡಿಕೊಳ್ಳಿ. ವೈಫೈ 2.4 ಗಿಗಾಹರ್ಟ್ಸ್‌ನದ್ದೇ ಇರಲಿ, 5 ಗಿಗಾಹರ್ಟ್ಸ್‌ಗಿಂತ ಅದು ಗೋಡೆಯನ್ನು ಚೆನ್ನಾಗಿ ದಾಟುತ್ತೆ. ಅಲ್ಲೂ ಸಿಗದಿದ್ದರೆ ಮಾತ್ರ ಲ್ಯಾನ್ ವೈರ್ ಎಳೆದು ವಿಮ್ ಪ್ರೊ ಹಾಕಿ, ಮಿನಿಗೆ ಲ್ಯಾನ್ ಪೋರ್ಟ್ ಇಲ್ಲ. ಸುಮ್ನೆ ಜಾಸ್ತಿ ದುಡ್ಡು ಯಾಕೆ, ಅಲ್ವಾ?

ಮಿನಿಯನ್ನು ಆಂಪ್‌ಗೆ ಜೋಡಿಸಲು ಒಂದು ಕಡೆ ಹೆಡ್‌ಫೋನ್ ಪಿನ್, ಇನ್ನೊಂದು ಕಡೆ ಕೆಂಪು-ಬಿಳಿ ಪಿನ್ ಇರುವ ಕೇಬಲ್ ಬೇಕು. ಆಂಪ್ ಹಿಂದೆ ಆಕ್ಸ್ ಅಥವಾ ಸಿಡಿ ಅಂತ ಬರೆದಲ್ಲೇ ಚುಚ್ಚಿ. ಫೋನೊ ಅಂತ ಇರೋದಕ್ಕೆ ಬೇಡವೇ ಬೇಡ. ಅದು ರೆಕಾರ್ಡ್ ಪ್ಲೇಯರ್‌ಗೆ ಇರೋದು, ದನಿ ಒಡೆಯುತ್ತೆ. ಆಮೇಲೆ ಆ್ಯಪ್‌ನಲ್ಲಿ ವಾಲ್ಯೂಮ್ ಫುಲ್ ಇಟ್ಟು, ಆಂಪ್‌ನ ನಾಬ್‌ನಿಂದಲೇ ಏರಿಸಿ, ಇಳಿಸಿ.