ಹಳೆ ಅಡುಗೆಮನೆಗೆ ಹಳೆ ಸಿಂಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ 1930ರ ಸುಮಾರಿಗೆ ಕಟ್ಟಿದ ಹಂಚಿನ ಮನೆ ನಮ್ಮದು. ಅಡುಗೆಮನೆಯ ಮೂಲೆಯಲ್ಲಿ ಶಹಾಬಾದಿ ಫರ್ಸಿಯ (ಚಪ್ಪಡಿ ಕಲ್ಲಿನ) ಮೋರಿ, ಅಂದರೆ ಕೂತು ಪಾತ್ರೆ ತೊಳೆಯುವ ಜಾಗ, ಇದೆ, ಅದರ ಮೇಲೆ ಯಾವಾಗಲೋ ಕೂರಿಸಿದ ಸ್ಟೀಲ್ ಸಿಂಕ್. ಅದನ್ನು ತೆಗೆದು ಆ ಕಾಲದ ಬಿಳಿ ಚೀನಿಮಣ್ಣಿನ ದೊಡ್ಡ ಸಿಂಕ್ ಹಾಕಬೇಕೆಂದಿದ್ದೇವೆ. ಎಲ್ಲಿ ಹುಡುಕಬೇಕು, ಕೊಳ್ಳುವಾಗ ಏನು ನೋಡಬೇಕು? ಗೋಡೆ ಕಲ್ಲು-ಮಣ್ಣಿನದು.

ಉತ್ತರ: ಸ್ಟೀಲ್ ಸಿಂಕ್ ತೆಗೆಯಿರಿ, ಮೋರಿಯನ್ನು ಮಾತ್ರ ಒಡೆಯಬೇಡಿ. ಆಗಿನ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದದ್ದು ಕೂತು. ನಿಮ್ಮ ಮನೆಯ ನಿಜವಾದ ಹಳೆ ಸಿಂಕ್ ಆ ಮೋರಿಯೇ. ಬಿಳಿ ಸಿಂಕ್ ಇರುತ್ತಿದ್ದದ್ದು ಸಾಹೇಬರ ಬಂಗಲೆ, ಆಸ್ಪತ್ರೆ, ಹಾಸ್ಟೆಲ್, ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ. ಹಾಕಿದರೆ ಚೆನ್ನಾಗಿಯೇ ಕಾಣುತ್ತದೆ, ಬೇಡ ಎನ್ನುವುದಿಲ್ಲ. ಮೋರಿಯ ಮೇಲೇ ಕೂರಿಸಿದರೆ ಗೋಡೆ ಒಡೆದು ಪೈಪ್ ಹೂಳುವ ಕೆಲಸ ತಪ್ಪುತ್ತದೆ, ನಾಳೆ ಸೋರಿದರೂ ನೀರು ಮೋರಿಗೇ ಬಿದ್ದು ಕಣ್ಣಿಗೆ ಕಾಣುತ್ತದೆ.

ಹುಡುಕಾಟ ಶುರುವಾಗಬೇಕಾದದ್ದು ಹಳೆ ಕಟ್ಟಡ ಕೆಡವುವ ಗುತ್ತಿಗೆದಾರರಿಂದ. ಗುಜರಿ ಅಂಗಡಿಗೆ ಸಾಮಾನ್ಯವಾಗಿ ಕಬ್ಬಿಣ, ಹಿತ್ತಾಳೆ ಬರುತ್ತದೆ. ಚೀನಿಮಣ್ಣಿಗೆ ತೂಕದ ಬೆಲೆ ಇಲ್ಲದ್ದರಿಂದ ಅದನ್ನು ಕೆಡವಿದ ಜಾಗದಲ್ಲೇ ಒಡೆದು ಹಾಕುತ್ತಾರೆ. ಅದಕ್ಕೇ ‘ಸಿಂಕ್ ಕಂಡರೆ ಒಡೆಯಬೇಡಿ, ನಾವು ಒಯ್ಯುತ್ತೇವೆ’ ಎಂದು ಮೊದಲೇ ಹೇಳಿಟ್ಟಿರಬೇಕು. ಹಳೆ ಬಾಗಿಲು-ಕಂಬ ಮಾರುವವರ ಹತ್ತಿರವೂ ಕೇಳಿ. ರೈಲ್ವೆಯ ಹಳೆ ಸಾಮಾನು ಹರಾಜಿನಲ್ಲಿ ಲಾಟ್ ಲೆಕ್ಕದಲ್ಲಿ ಹೋಗುತ್ತದೆ, ಒಂದು ಸಿಂಕ್‌ಗಾಗಿ ಅಲ್ಲಿ ನಿಲ್ಲುವುದು ವ್ಯರ್ಥ. ಲಾಟ್ ಹಿಡಿದವರನ್ನು ಹುಡುಕಿ.

ಸಿಂಕ್ ಕಂಡಾಗ ತಳ ಅಥವಾ ಬದಿಯ ಮುದ್ರೆ ನೋಡಿ. ಟ್ವೈಫರ್ಡ್, ಶ್ಯಾಂಕ್ಸ್, ಡೌಲ್ಟನ್ ಎಂದಿದ್ದರೆ ಬ್ರಿಟಿಷ್ ಕಂಪನಿಯ ಮಾಲು. ‘ಹಿಂದುಸ್ತಾನ್ ಟ್ವೈಫರ್ಡ್ಸ್’ ಎಂದಿದ್ದರೆ 1960ರ ನಂತರದ್ದು, ‘ಬ್ರಿಟಿಷರ ಕಾಲದ್ದು’ ಎಂದು ಹೆಚ್ಚಿನ ಬೆಲೆ ಹೇಳಿದರೆ ಕೊಡಬೇಡಿ. ಗುಣದಲ್ಲಿ ಅದೂ ಕಡಿಮೆಯಿಲ್ಲ.

ಮುದ್ರೆಗಿಂತ ಮುಖ್ಯ ಪರೀಕ್ಷೆಗಳಿವೆ. ಸಿಂಕನ್ನು ಎರಡು ಕಟ್ಟಿಗೆ ತುಂಡಿನ ಮೇಲಿಟ್ಟು ಬೆರಳ ಗೆಣ್ಣಿನಿಂದ ನಾಲ್ಕೂ ಗೋಡೆ, ತಳ ಬಡಿಯಿರಿ. ಟಣ್ ಎಂದು ದನಿ ಬಂದರೆ ಸರಿ, ಬೊದ್ದು ದನಿ ಬಂದರೆ ಎಲ್ಲೋ ಸೀಳಿದೆ. ಮೇಲ್ಮೈಗೆ ನೀರು ಬೆರೆಸಿದ ನೀಲಿ ಶಾಯಿ ಸವರಿ ಐದು ನಿಮಿಷ ಬಿಟ್ಟು ಒರೆಸಿ. ಜೇಡರ ಬಲೆಯಂಥ ಗೆರೆ ಉಳಿದರೆ ಮೆರುಗಿನ ಪದರ ಬಿರಿದಿದೆ. ಒಳಗಿನ ಮಣ್ಣು ನೀರು ಹೀರುವಂಥದ್ದು. ಎಣ್ಣೆ, ಅರಿಶಿನ ಅಲ್ಲಿ ಇಳಿದರೆ ಮತ್ತೆ ಹೋಗುವುದಿಲ್ಲ, ವಾಸನೆಯೂ ಹಿಡಿಯುತ್ತದೆ. ಅಂಚಿನಲ್ಲಿ ಸಣ್ಣ ಚೂರು ಹಾರಿದ್ದರೆ ಪರವಾಗಿಲ್ಲ. ನೀರು ಹೋಗುವ ತೂತಿನ ಸುತ್ತ ಹಾರಿದ್ದರೆ ಬಿಟ್ಟುಬಿಡಿ, ವಾಶರ್ ಅಲ್ಲಿ ಎಂದೂ ಸರಿಯಾಗಿ ಕೂರುವುದಿಲ್ಲ. ‘ಪೇಂಟ್ ಹೊಡೆದು ಹೊಸದು ಮಾಡಿಕೊಡುತ್ತೇವೆ’ ಎಂಬ ಮಾತಿಗೂ ಮರುಳಾಗಬೇಡಿ. ಚೀನಿಮಣ್ಣಿನ ಮೆರುಗು ಭಟ್ಟಿಯಲ್ಲಿ ಸುಟ್ಟು ಕೂತದ್ದು. ಮೇಲೆ ಹೊಡೆದ ಎಪಾಕ್ಸಿ ಬಿಸಿ ಪಾತ್ರೆ ಮತ್ತು ತಂತಿಬ್ರಶ್ಶಿಗೆ ಹೊಪ್ಪಳಿಕೆ ಏಳುತ್ತದೆ.

ತೂತನ್ನು ಅಳೆಯದೆ ಹಣ ಕೊಡಬೇಡಿ. ಹೆಚ್ಚಿನ ಹಳೆ ಸಿಂಕ್‌ಗಳದು 40 ಮಿ.ಮೀ. ವೇಸ್ಟ್ ಕಪ್ಲಿಂಗ್‌ಗೆ (ತೂತಿಗೆ ಕೂರಿಸಿ ಕೆಳಗಿನ ಪೈಪಿಗೆ ಜೋಡಿಸುವ ತುಂಡು) ಹೊಂದುವ ತೂತು. ಈಗಿನ ಜಾಲರಿ ಬುಟ್ಟಿಯ ಕಪ್ಲಿಂಗ್‌ಗೆ ಸುಮಾರು 90 ಮಿ.ಮೀ. ಬೇಕು, ಅದು ಇಲ್ಲಿ ಹಿಡಿಯುವುದಿಲ್ಲ. ಯಂತ್ರ ಹಚ್ಚಿ ತೂತು ದೊಡ್ಡದು ಮಾಡಲು ಹೋದರೆ ತಳ ಸೀಳುವ ಅಪಾಯವೇ ಹೆಚ್ಚು. ಸಿಂಕ್‌ಗೆ ಮೇಲ್ಗಡೆ ಹೆಚ್ಚುವರಿ ನೀರು ಹೋಗುವ ಕಂಡಿ ಇದ್ದರೆ ಬದಿಯಲ್ಲಿ ಸಂದು ಇರುವ ಹಾಫ್ ಥ್ರೆಡ್ ಕಪ್ಲಿಂಗ್, ಇಲ್ಲದಿದ್ದರೆ ಸಂದು ಇಲ್ಲದ ಫುಲ್ ಥ್ರೆಡ್. ಅದಲುಬದಲಾದರೆ ಒಂದರಲ್ಲಿ ಕಂಡಿಯ ನೀರಿಗೆ ದಾರಿಯಿಲ್ಲ, ಇನ್ನೊಂದರಲ್ಲಿ ತಳದಿಂದ ಸೋರಿಕೆ. ಸ್ಟೀಲ್‌ಗಿಂತ ಈ ತಳ ಬಹಳ ದಪ್ಪ, ದಪ್ಪ ಅಳೆದು ಉದ್ದನೆಯ ಕಪ್ಲಿಂಗ್ ತನ್ನಿ. ಕೆಳಗೂ ಮೇಲೂ ರಬ್ಬರ್ ವಾಶರ್, ಸಿಲಿಕೋನ್ ಹಾಕಿ ಕೈಯಿಂದ ಬಿಗಿದು, ಪಾನಾದಲ್ಲಿ ಕಾಲು ಸುತ್ತು ಮಾತ್ರ ತಿರುಗಿಸಿ. ಬಿಳಿ ಸಿಮೆಂಟ್ ತುಂಬುವುದು ನಮ್ಮಲ್ಲಿ ರೂಢಿ, ಆದರೆ ಅದು ಗಟ್ಟಿಯಾದ ಮೇಲೆ ಅಲುಗಾಟ ತಾಳದೆ ಬಿರಿಯುತ್ತದೆ.

ಇನ್ನು ಭಾರದ ಮಾತು. 600×450×250 ಮಿ.ಮೀ. ಸಿಂಕ್ ಸುಮಾರು 40 ಕಿಲೋ ತೂಗುತ್ತದೆ, ತುಂಬಿದರೆ ಹೆಚ್ಚುಕಡಿಮೆ ಅಷ್ಟೇ ನೀರು, ಮೇಲೆ ಪಾತ್ರೆ. ಮಣ್ಣಿನ ಗೋಡೆಗೆ ಹೊಡೆದ ಬ್ರ್ಯಾಕೆಟ್ ಇದನ್ನು ಹೊರುವುದಿಲ್ಲ. ಮೋರಿಯ ಎರಡೂ ಬದಿ ಇಟ್ಟಿಗೆಯ ಗಿಡ್ಡ ಗೋಡೆ ಏರಿಸಿ. ಸಿಂಕಿನ ಮೇಲಂಚು ನೆಲದಿಂದ 34 ಇಂಚು ಬರಬೇಕೆಂದರೆ ಇಟ್ಟಿಗೆ ಕೆಲಸ 22 ಇಂಚಿಗೆ ನಿಲ್ಲಬೇಕು. ಅದರ ಮೇಲೆ ಒಂದೂವರೆ ಇಂಚಿನ ಫರ್ಸಿ, ಅರ್ಧ ಇಂಚು ಗಾರೆ, ಆಮೇಲೆ 10 ಇಂಚಿನ ಸಿಂಕ್. ಫರ್ಸಿಯಲ್ಲಿ ಕಪ್ಲಿಂಗ್‌ನ ನಟ್ ಮತ್ತು ಕೈ ಹೋಗುವಷ್ಟು ದೊಡ್ಡ ತೂತು ಮೊದಲೇ ಕೊರೆಸಿ. ಗಿಡ್ಡ ಗೋಡೆಯ ಕೆಳಗೆ ನೆಲದ ಫರ್ಸಿ ತೆಗೆದು ನಾಲ್ಕು ಇಂಚು ಕಾಂಕ್ರೀಟ್ ಹಾಕಿ. ಕೆಳಗೆ ಯರಿ ಮಣ್ಣಿದ್ದರೆ ಒಂದೂವರೆ ಅಡಿ ಅಗೆದು ಗರಸು ತುಂಬಿ ಧಮ್ಮಸ ಹಾಕದೆ ಮುಂದುವರಿಯಬೇಡಿ: ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮಣ್ಣು ಒಂದು ಬದಿ ಎತ್ತಿದರೂ ಸಿಂಕ್ ಸೀಳುತ್ತದೆ.

ಪಕ್ಕದ ಕಟ್ಟೆಯ ಕಲ್ಲನ್ನು ಸಿಂಕ್ ಕೂರಿಸಿದ ಮೇಲೆಯೇ ಕೊಯ್ಸಿ. ಭಟ್ಟಿಯಿಂದ ಬಂದ ಹಳೆ ಸಿಂಕ್‌ನ ಅಂಚು ಕೆಲವು ಮಿ.ಮೀ. ಸೊಟ್ಟ ಇರುವುದು ಸಹಜ. ಕಾಗದದ ಅಳತೆ ಕೊಟ್ಟರೆ ಒಂದು ಕಡೆ ಸಂದು, ಇನ್ನೊಂದು ಕಡೆ ಕೂರುವುದೇ ಇಲ್ಲ. ಹಿಂದಿನ ಗೋಡೆಗೆ ಸಿಮೆಂಟ್ ಗಿಲಾಯ ಬೇಡ. ಮಣ್ಣಿನ ಗೋಡೆಯ ತೇವ ಹೊರಬರಲಾರದೆ ಗಿಲಾಯ ಹಪ್ಪಳದಂತೆ ಏಳುತ್ತದೆ. ಸುಣ್ಣದ ಗಾರೆ ಮಾಡಿಸಿ, ನೀರು ಸಿಡಿಯುವ ಒಂದೂವರೆ ಅಡಿಗೆ ಫರ್ಸಿ ನಿಲ್ಲಿಸಿ. ಮೋರಿಯ ಬಾಯಿಗೆ 50 ಮಿ.ಮೀ. ನೀರು ನಿಲ್ಲುವ ನಹಾನಿ ಟ್ರ್ಯಾಪ್ ಹಾಕಿಸಿದರೆ ಗಟಾರದ ವಾಸನೆ, ಜಿರಲೆ ಎರಡೂ ನಿಲ್ಲುತ್ತವೆ.

ಆರೆಂಟು ತಿಂಗಳು ಹುಡುಕಿಯೂ ಸಿಗದಿದ್ದರೆ ಇದೇ 600×450×250 ಅಳತೆಯ ಹೊಸ ಫೈರ್‌ಕ್ಲೇ (ಬೆಂಕಿ ತಾಳುವ ಮಣ್ಣಿನ) ಸಿಂಕ್‌ಗೆ ಸ್ಯಾನಿಟರಿ ಅಂಗಡಿಯಲ್ಲಿ ಆರ್ಡರ್ ಕೊಡಿ. ಬಿರಿದ ಹಳೆಯದಕ್ಕಿಂತ ಅದು ಎಷ್ಟೋ ಮೇಲು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಿಂದ ಬಂದ ಬಿಳಿ ಸಿಂಕ್ ಅಗ್ಗಕ್ಕೆ ಕೊಡುತ್ತಿದ್ದಾರೆ. ಅಡುಗೆಮನೆಗೆ ಆದೀತೇ?

ಉತ್ತರ: ಬೇಡ. ಮಣ್ಣು, ಮೆರುಗು ಎಲ್ಲ ಅದೇ, ಆದರೆ ವರ್ಷಗಟ್ಟಲೆ ಅದರಲ್ಲಿ ಏನೇನು ಸುರಿದಿದ್ದಾರೆಂದು ಲೆಕ್ಕವಿಲ್ಲ. ಪಾದರಸ, ಸೀಸದ ಲವಣಗಳು ಬಿರುಕಿನಲ್ಲಿ ಇಳಿದಿದ್ದರೆ ತೊಳೆದು ತೆಗೆಯಲಾಗದು. ಅಳತೆಯೂ ಅನೇಕ ಸಲ 450×300×150. ಕುಕ್ಕರ್ ಇಟ್ಟರೆ ಕೈಗೆ ಜಾಗವಿಲ್ಲ. ಹಿತ್ತಲಲ್ಲಿ ಕೈಕಾಲು ತೊಳೆಯಲು ಹಾಕಿಕೊಳ್ಳಿ.

ಪ್ರಶ್ನೆ: ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ಹಳೆ ಮೊಝೈಕ್ ಸಿಂಕ್ ಇದೆ. ಬೋರ್ ನೀರಿನ ಬಿಳಿ ಪದರ ಕಟ್ಟಿದೆ. ಆ್ಯಸಿಡ್ ಹಾಕಿ ತಿಕ್ಕಿರಿ ಎನ್ನುತ್ತಾರೆ.

ಉತ್ತರ: ಹಾಕಿದರೆ ಪದರದ ಜೊತೆ ಸಿಂಕ್ ಕೂಡ ಹೋಗುತ್ತದೆ. ಮೊಝೈಕ್ ಎಂದರೆ ಸಿಮೆಂಟ್‌ನಲ್ಲಿ ಕೂತ ಅಮೃತಶಿಲೆಯ ಚೂರು. ಬೋರ್ ನೀರಿನ ಪದರವೂ ಸುಣ್ಣವೇ, ಅಮೃತಶಿಲೆಯೂ ಸುಣ್ಣವೇ, ಆ್ಯಸಿಡ್ ಎರಡನ್ನೂ ಒಂದೇ ಸಮ ತಿನ್ನುತ್ತದೆ. ಹುಣಸೆ, ಲಿಂಬೆ, ವಿನೆಗರ್ ಕೂಡ ಬೇಡ. ಶಹಾಬಾದಿ, ಕಡಪಾ ಕಲ್ಲಿಗೂ ಇದೇ ಮಾತು. ಹಚ್ಚಬೇಕಾದ್ದು ನೀರಿನಲ್ಲಿ ಉಜ್ಜುವ ಪಾಲಿಶ್ ಕಲ್ಲು ಅಥವಾ ವಾಟರ್ ಪೇಪರ್: ಮೊದಲು 120, ಆಮೇಲೆ 220, 400, ಕೊನೆಗೆ 800 ನಂಬರ್, ಪ್ರತಿ ಹಂತದಲ್ಲೂ ಮೇಲ್ಮೈ ಒದ್ದೆ ಇರಲಿ. ಮೂರು ದಿನ ಒಣಗಿಸಿ ಕಲ್ಲಿಗೆ ಹಚ್ಚುವ ಸೀಲರ್ ಎರಡು ಕೈ ಹೊಡೆಯಿರಿ. ದಿನಾ ರಾತ್ರಿ ಒಣಬಟ್ಟೆಯಿಂದ ಒರೆಸಿದರೆ ಪದರ ಬೇಗ ಕಟ್ಟುವುದಿಲ್ಲ.

ಪ್ರಶ್ನೆ: ಹಾವೇರಿಯ ಹಳೆ ಮನೆಯ ಹಿತ್ತಾಳೆ ನಳ ತೊಟ್ಟಿಕ್ಕುತ್ತದೆ. ಬದಲಿಸಬೇಕೇ?

ಉತ್ತರ: ಬಾಯಿಂದ ತೊಟ್ಟಿಕ್ಕಿದರೆ ಒಳಗಿನ ವಾಶರ್ ಸವೆದಿದೆ, ಹಿಡಿಕೆಯ ಬುಡದಿಂದ ಜಿನುಗಿದರೆ ಹಿಡಿಕೆಯ ಕಡ್ಡಿಗೆ ಸುತ್ತಿದ ಗ್ಲ್ಯಾಂಡ್ ದಾರ ಹೋಗಿದೆ. ಎರಡೂ ಅಗ್ಗ, ಅರ್ಧ ಇಂಚಿನ ನಳಕ್ಕೆ ಇವತ್ತಿಗೂ ಸಿಗುತ್ತವೆ. ವಾಶರ್ ಹಾಕಿದ ಮೇಲೂ ನಿಲ್ಲದಿದ್ದರೆ ಅದು ಕೂರುವ ಹಿತ್ತಾಳೆಯ ಅಂಚು ತಿಂದಿದೆ, ಪ್ಲಂಬರ್ ಹತ್ತಿರ ಸೀಟ್ ಕಟರ್ ಇದ್ದರೆ ಕೆತ್ತಿ ಸಮ ಮಾಡುತ್ತಾರೆ. ಹಳೆ ಹಿತ್ತಾಳೆಯಲ್ಲಿ ಸೀಸ ಬೆರೆತಿರುತ್ತದೆ. ಪಾತ್ರೆ ತೊಳೆಯಲು ಇರಲಿ, ಕುಡಿಯುವ ನೀರಿಗೆ ಬೇರೆ ನಳ ಇಟ್ಟುಕೊಳ್ಳಿ.